19.200 ಅಂದರೆ ಎಷ್ಟು?

ಆ ಸೆಲ್‌ನಲ್ಲಿ ಇದ್ದದ್ದು ಇಷ್ಟೇ: 19.200. ಪಕ್ಕದ ಕಾಲಂನಲ್ಲಿ ಚೀಲಗಳ ಸಂಖ್ಯೆ, 320. ಕಾಲಂನ ನೆತ್ತಿಯ ಮೇಲೆ ತೂಕ ಎಂಬರ್ಥದ ಜರ್ಮನ್ ಪದವೊಂದಿತ್ತು; ಕಿಲೋ ಎಂದಾಗಲಿ ಟನ್ ಎಂದಾಗಲಿ ಬರೆದಿರಲಿಲ್ಲ. ಹ್ಯಾಂಬರ್ಗ್‌ನ ಗೋದಾಮೊಂದರಿಂದ ಬಂದ ಫೈಲ್ ಅದು. ಕಾಫಿ ರಫ್ತಿನ ಲೆಕ್ಕಪತ್ರದ ಕೆಲಸಕ್ಕೆ ಸೇರಿ ನನಗಿನ್ನೂ ತಿಂಗಳು ತುಂಬಿರಲಿಲ್ಲ. ನಮ್ಮ ಕಡೆ ಓದುವ ಹಾಗೆ ಹತ್ತೊಂಬತ್ತು ಪಾಯಿಂಟ್ ಎರಡು ಎಂದು ಓದಿದೆ. ನಮ್ಮ ವರದಿಯ ಉಳಿದ ಸಾಲುಗಳೆಲ್ಲ ಕಿಲೋದಲ್ಲಿದ್ದುದರಿಂದ ಇದನ್ನೂ ಕಿಲೋ ಎಂದೇ ಕೂಡಿಸಿದೆ. ತಿಂಗಳ ವರದಿಯಲ್ಲಿ ಒಂದು ಇಡೀ ಕಂಟೇನರ್ ಕಾಫಿ ಹತ್ತೊಂಬತ್ತು ಕಿಲೋಗೆ ಇಳಿಯಿತು.

ವರದಿ ನೋಡಿದ ನಮ್ಮ ವಿಭಾಗದ ಹಿರಿಯರು ಆ ಸಾಲಿನ ಮೇಲೆ ಬೆರಳಿಟ್ಟರು. ಬೈಯಲಿಲ್ಲ. ಕ್ಯಾಲ್ಕುಲೇಟರ್ ಎಳೆದುಕೊಂಡು 19.2ನ್ನು 320ರಿಂದ ಭಾಗಿಸಿ ತೋರಿಸಿದರು: 0.06. ಚೀಲಕ್ಕೆ ಅರವತ್ತು ಗ್ರಾಂ ಆಯಿತು. ಆಮೇಲೆ 19200ನ್ನು ಅದೇ 320ರಿಂದ ಭಾಗಿಸಿದರು: 60. “ರಫ್ತಾಗುವ ಹಸಿರು ಕಾಫಿಯ ಚೀಲ ಅರವತ್ತು ಕಿಲೋ. ಈಗ ನೀನೇ ಹೇಳು, ಆ ಚುಕ್ಕೆ ಯಾವ ಕೆಲಸ ಮಾಡುತ್ತಿದೆ?”

ಚುಕ್ಕೆ ಸಾವಿರವನ್ನು ಬೇರ್ಪಡಿಸುತ್ತಿತ್ತು. ಜರ್ಮನಿಯಲ್ಲಿ ನಮ್ಮ ಕಾಮಾ ಮಾಡುವ ಕೆಲಸವನ್ನು ಚುಕ್ಕೆ ಮಾಡುತ್ತದೆ, ನಮ್ಮ ಚುಕ್ಕೆ ಮಾಡುವ ಕೆಲಸವನ್ನು ಕಾಮಾ. ಇಟಲಿಯಲ್ಲೂ ಹಾಗೆಯೇ. ಈ ಎರಡೂ ದೇಶಗಳು ಕರ್ನಾಟಕದ ಕಾಫಿಯ ದೊಡ್ಡ ಗಿರಾಕಿಗಳು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಹಾಗಾಗಿ ಮಂಗಳೂರು ಬಂದರಿನಿಂದ ಹೊರಟ ಚೀಲದ ಲೆಕ್ಕ ಹ್ಯಾಂಬರ್ಗ್‌ನಲ್ಲೋ ಇಟಲಿಯ ತ್ರಿಯೆಸ್ತೆಯಲ್ಲೋ ಇಳಿದು, ಮತ್ತೆ ನಮ್ಮ ಮೇಜಿಗೆ ಫೈಲ್ ಆಗಿ ವಾಪಸು ಬರುವಾಗ ವೇಷ ಬದಲಿಸಿಕೊಂಡಿರುತ್ತದೆ. ಆ ವೇಷ ಕಳಚಿ ಅಂಕಿಯ ನಿಜ ಬೆಲೆಯನ್ನು ಕಾಣುವುದು ಒಂದು ಕಸುಬು. ಡೇಟಾ ಕ್ಲೀನಿಂಗ್ ಎಂಬ ಹೆಸರಿನಲ್ಲಿ ಅದನ್ನು ಗುಡಿಸಿ ಸಾರಿಸುವ ಕೆಲಸದ ಹಾಗೆ ಕಾಣುತ್ತಾರೆ. ಹದಿನೈದು ವರ್ಷ ಆ ಹಿರಿಯರ ಪಕ್ಕದಲ್ಲಿ ಕೂತು ನೋಡಿದ ಮೇಲೆ ನನಗೆ ಅದು ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನ ಗಾರ್ಬಲಿಂಗ್‌ಗೆ ಹತ್ತಿರ ಎನಿಸುತ್ತದೆ. ಅಲ್ಲಿ ಹೆಂಗಸರು ಸಾಲಾಗಿ ಕೂತು ಬೀಜದ ರಾಶಿಯಿಂದ ಕಪ್ಪು ಬೀಜ, ಒಡೆದ ಬೀಜವನ್ನು ಬೆರಳ ತುದಿಯಲ್ಲೇ ಆರಿಸಿ ತೆಗೆಯುತ್ತಾರೆ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಈ ಗೊಂದಲ ಹುಟ್ಟಿದ್ದು ಕಂಪ್ಯೂಟರಿನಿಂದಲ್ಲ. ಫ್ಲಾಂಡರ್ಸ್‌ನ ಗಣಿತಜ್ಞ ಸೈಮನ್ ಸ್ಟೆವಿನ್ 1585ರಲ್ಲಿ ದಶಮಾಂಶದ ಬಗ್ಗೆ ಸಣ್ಣದೊಂದು ಪುಸ್ತಕ ಬರೆದಾಗ ಚುಕ್ಕೆಯನ್ನೂ ಬಳಸಲಿಲ್ಲ, ಕಾಮಾವನ್ನೂ ಬಳಸಲಿಲ್ಲ. ಪ್ರತಿ ಅಂಕಿಯ ಬಳಿ ಅದರ ಸ್ಥಾನವನ್ನು ಪುಟ್ಟ ವೃತ್ತದೊಳಗೆ ಬರೆದ. ಲಾಗರಿದಮ್‌ನ ಜಾನ್ ನೇಪಿಯರ್ ಚುಕ್ಕೆಯನ್ನು ಬಳಸಿದ, ಇಂಗ್ಲೆಂಡಿಗೆ ಅದೇ ರೂಢಿಯಾಯಿತು. ಲೈಬ್ನಿಟ್ಸ್ 1698ರಲ್ಲಿ ಬರೆದ ಪತ್ರವೊಂದರಲ್ಲಿ ಗುಣಾಕಾರದ ಕತ್ತರಿ ಗುರುತು ಬೀಜಗಣಿತದ ಎಕ್ಸ್ ಅಕ್ಷರದ ಜೊತೆ ಕಲಸಿಹೋಗುತ್ತದೆ, ಅದಕ್ಕೆ ಚುಕ್ಕೆಯೇ ಮೇಲು ಎಂದ. ಚುಕ್ಕೆ ಗುಣಾಕಾರಕ್ಕೆ ಹೋದ ಕಡೆ ದಶಮಾಂಶಕ್ಕೆ ಕಾಮಾ ಅನುಕೂಲವಾಯಿತು. ನಮಗೆ ಇಂಗ್ಲಿಷರ ಶಾಲೆಗಳ ಮೂಲಕ ಬಂದದ್ದು ಚುಕ್ಕೆ. ಅಳತೆ ತೂಕಗಳ ಅಂತರರಾಷ್ಟ್ರೀಯ ಮಹಾಸಭೆ 2003ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ದಶಮಾಂಶಕ್ಕೆ ಚುಕ್ಕೆಯೂ ಆಗಬಹುದು, ಕಾಮಾವೂ ಆಗಬಹುದು ಎಂದು ತೀರ್ಮಾನಿಸಿತು. ಅಂಕಿಗಳನ್ನು ಮೂರು ಮೂರಾಗಿ ಬಿಡಿಸಿ ಬರೆಯುವಾಗ ಮಾತ್ರ ಚುಕ್ಕೆಯೂ ಬೇಡ ಕಾಮಾವೂ ಬೇಡ, ಬರೀ ಖಾಲಿ ಜಾಗ ಸಾಕು ಎಂದು 1948ರಲ್ಲೇ ಹೇಳಿತ್ತು, ಅದನ್ನೇ ಮತ್ತೆ ಹೇಳಿತು. ಒಳ್ಳೆಯ ಸಲಹೆ. ವ್ಯಾಪಾರದ ಕಾಗದಗಳಲ್ಲಿ ಅದನ್ನು ಪಾಲಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ನಮ್ಮ ಮೇಜಿಗೆ ಬರುವ ಒಂದೇ ಮೊತ್ತದ ರೂಪಗಳನ್ನು ನೋಡಿ. ಒಂದು ಲಕ್ಷದ ಇಪ್ಪತ್ತಮೂರು ಸಾವಿರದ ನಾನೂರ ಐವತ್ತಾರೂವರೆ ಎಂದಿಟ್ಟುಕೊಳ್ಳಿ. ಮಂಗಳೂರಿನ ಏಜೆಂಟರು ಅದನ್ನು 1,23,456.50 ಎಂದು ಕಳಿಸುತ್ತಾರೆ. ಲಂಡನ್‌ನಿಂದ 123,456.50. ಹ್ಯಾಂಬರ್ಗ್‌ನಿಂದ 123.456,50. ಫ್ರಾನ್ಸಿನಿಂದ 123 456,50. ಸ್ವಿಟ್ಜರ್‌ಲೆಂಡಿನ ವ್ಯಾಪಾರಿ ಸಂಸ್ಥೆಗಳು ಸಾವಿರಕ್ಕೆ ಮೇಲುಚುಕ್ಕೆ ಹಾಕಿ 123’456.50 ಎನ್ನುತ್ತವೆ. ಋಣ ಮೊತ್ತವಾದರೆ ಇನ್ನೂ ಮೂರು ವೇಷ: ಮುಂದೆ ಮೈನಸ್, ಹಿಂದೆ ಮೈನಸ್, ಅಥವಾ ಸುತ್ತ ಆವರಣ. ಹಿಂದೆ ಮೈನಸ್ ಬಂದರೆ ಅದು ಎಸ್‌ಎಪಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರಿನಿಂದ ಇಳಿಸಿದ ಫೈಲ್ ಇರಬಹುದೆಂದು ಹಿರಿಯರು ನೋಡುತ್ತಲೇ ಹೇಳುತ್ತಿದ್ದರು. ಅದೇ ಎಸ್‌ಎಪಿಯಲ್ಲಿ ಪ್ರತಿ ಬಳಕೆದಾರನ ಖಾಸಗಿ ಸೆಟ್ಟಿಂಗ್‌ನಲ್ಲಿ ದಶಮಾಂಶದ ರೂಪವನ್ನು ಆರಿಸಿಕೊಳ್ಳುವ ಸವಲತ್ತಿದೆ. ಅಂದರೆ ಒಂದೇ ಕಚೇರಿಯ ಅಕ್ಕಪಕ್ಕದ ಇಬ್ಬರು ಒಂದೇ ವರದಿಯನ್ನು ಇಳಿಸಿ ಕಳಿಸಿದರೂ ಒಬ್ಬರದರಲ್ಲಿ ಚುಕ್ಕೆ, ಇನ್ನೊಬ್ಬರದರಲ್ಲಿ ಕಾಮಾ ಬರಬಹುದು. ಇದು ಗೊತ್ತಿಲ್ಲದೆ ನಾವು ಒಮ್ಮೆ ಎರಡು ದಿನ ಫೈಲ್‌ನ ದೋಷ ಹುಡುಕಿದ್ದೆವು. ದೋಷ ಫೈಲ್‌ನಲ್ಲಿ ಇರಲಿಲ್ಲ. ರಜೆಯ ಮೇಲೆ ಹೋದವರ ಬದಲು ಬೇರೆಯವರು ಅದನ್ನು ಇಳಿಸಿದ್ದರು, ಅಷ್ಟೇ.

ಹೊಸಬರು ಇಂಥ ಫೈಲ್ ಕಂಡಾಗ ಮೊದಲು ಮಾಡುವುದು ಕಾಮಾ ಹುಡುಕಿ ಚುಕ್ಕೆ ಹಾಕುವ ಕೆಲಸ, ಇಡೀ ಹಾಳೆಗೆ ಒಂದೇ ಸಲ. 1.234,50 ಎಂಬುದರಲ್ಲಿ ಕಾಮಾಕ್ಕೆ ಚುಕ್ಕೆ ಹಾಕಿದರೆ 1.234.50 ಆಗುತ್ತದೆ. ಈಗ ಎರಡು ಚುಕ್ಕೆಗಳು. ಯಾವುದು ಯಾವುದೆಂದು ಕಣ್ಣಿಗೆ ಗೊತ್ತಾದರೂ ಕಂಪ್ಯೂಟರಿಗೆ ಗೊತ್ತಾಗದು. ಗಾಬರಿಯಿಂದ ಚುಕ್ಕೆಗಳನ್ನೆಲ್ಲ ತೆಗೆದರೆ 123450: ಸಾವಿರದ ಚಿಲ್ಲರೆ ಲಕ್ಷದ ಮೇಲಾಯಿತು. ಸರಿಯಾದ ಕ್ರಮ ತಿರುಗಾಮುರುಗಾ. ಮೊದಲು ಸಾವಿರದ ಗುರುತನ್ನು ತೆಗೆಯಬೇಕು, 1234,50. ಆಮೇಲೆ ಉಳಿದ ಕಾಮಾವನ್ನು ಚುಕ್ಕೆ ಮಾಡಬೇಕು, 1234.50. ಎರಡೇ ಹೆಜ್ಜೆ. ಆದರೆ ಇದನ್ನು ಜರ್ಮನಿಯ ಸಾಲುಗಳಿಗೆ ಮಾತ್ರ ಮಾಡಬೇಕು. ಅದೇ ಹಾಳೆಯಲ್ಲಿ ಮಂಗಳೂರಿನ ಸಾಲೊಂದು ಕೂತಿದ್ದರೆ ಅದು ಇದೇ ಮದ್ದಿಗೆ ಕೆಟ್ಟುಹೋಗುತ್ತದೆ.

ಹಿರಿಯರು ಫೈಲ್ ಬಂದ ಕೂಡಲೇ ಅದರ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟು ಅದಕ್ಕೆ ಬೀಗ ಹಾಕುತ್ತಿದ್ದರು. ಅದನ್ನು ಯಾರೂ ಮುಟ್ಟುವಂತಿಲ್ಲ. ಬರೀ ಪಠ್ಯರೂಪದ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವುದಂತೂ ಅವರ ಕಣ್ಣಲ್ಲಿ ದೊಡ್ಡ ತಪ್ಪು. ಯಾಕೆಂದರೆ ಹಾಗೆ ತೆರೆದಾಗ ಎಕ್ಸೆಲ್ ತನ್ನ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ನೋಡಿಕೊಂಡು ಪ್ರತಿ ಸೆಲ್ ಏನೆಂದು ತಾನೇ ನಿರ್ಧರಿಸುತ್ತದೆ, ಸಾಮಾನ್ಯವಾಗಿ ನಮ್ಮನ್ನು ಕೇಳುವುದಿಲ್ಲ.

ಇದರಿಂದ ಆಗುವ ಅನಾಹುತವನ್ನು ತೇವಾಂಶದ ಕಾಲಂನಲ್ಲಿ ಕಣ್ಣಾರೆ ಕಂಡಿದ್ದೇನೆ. ಹಸಿರು ಕಾಫಿಯ ತೇವಾಂಶ ಶೇಕಡಾ 10ರಿಂದ 12ರ ಆಸುಪಾಸಿನಲ್ಲಿರುತ್ತದೆ. ನಾವು ಇಲ್ಲಿಂದ 10.8, 11.5 ಎಂದು ಕಳಿಸಿದ ಅಂಕಿಗಳನ್ನು ಗಿರಾಕಿಗಳು ಜರ್ಮನ್ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ತೆರೆದರು. ಅಲ್ಲಿ ಚುಕ್ಕೆ ತಾರೀಖಿನ ಗುರುತು ಕೂಡ. 10.8 ಎಂಬುದು ಆಗಸ್ಟ್ 10 ಆಯಿತು, 11.5 ಎಂಬುದು ಮೇ 11 ಆಯಿತು. ಎಕ್ಸೆಲ್ ತಾರೀಖನ್ನು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 2024ರ ಆಗಸ್ಟ್ 10 ಅಂದರೆ ಅದರ ಲೆಕ್ಕದಲ್ಲಿ 45514. ಅವರು ಆ ಕಾಲಂನ ಸರಾಸರಿ ತೆಗೆದು ವಾಪಸು ಕಳಿಸಿದಾಗ ತೇವಾಂಶ ನಲವತ್ತೈದು ಸಾವಿರದ ಮೇಲಿತ್ತು. ಮೂಲ ಫೈಲ್ ನಮ್ಮಲ್ಲಿ ಬೀಗದೊಳಗೆ ಇದ್ದುದರಿಂದ ಬದುಕಿದೆವು. ಇದೇ ಕಾಟ ವಿಜ್ಞಾನಿಗಳಿಗೂ ತಟ್ಟಿದೆ. ಮಾರ್ಚ್1, ಸೆಪ್ಟ್1 ಎಂಬಂಥ ಹೆಸರಿನ ಮನುಷ್ಯ ಜೀನ್‌ಗಳನ್ನು ಎಕ್ಸೆಲ್ ಮಾರ್ಚ್, ಸೆಪ್ಟೆಂಬರ್ ತಾರೀಖುಗಳೆಂದು ಬದಲಿಸುತ್ತಲೇ ಇದ್ದುದರಿಂದ, ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ 2020ರಲ್ಲಿ ಆ ಹೆಸರುಗಳನ್ನು ಬದಲಿಸಿದ್ದನ್ನು ಪ್ರಕಟಿಸಿತು.

ಆದ್ದರಿಂದ ಮೊದಲ ಹೆಜ್ಜೆ, ಎಲ್ಲ ಕಾಲಂಗಳನ್ನೂ ಬರೀ ಅಕ್ಷರಗಳೆಂದು ಒಳಗೆ ತರುವುದು. ಅಂಕಿಯೆಂದಲ್ಲ, ತಾರೀಖೆಂದಲ್ಲ, ಪಠ್ಯವೆಂದು. ಬಂದದ್ದು ಬಂದ ಹಾಗೇ ಇರಲಿ.

ಎರಡನೆಯ ಹೆಜ್ಜೆಯೇ ಈ ಕಸುಬಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ನಲವತ್ತು ಸಾವಿರ ಸಾಲಿನ ಕಾಲಂ ಇದೆ ಎಂದುಕೊಳ್ಳಿ. ಒಂದೊಂದೇ ಸಾಲು ನೋಡಲು ಸಾಧ್ಯವಿಲ್ಲ. ಹಿರಿಯರು ಪಕ್ಕದಲ್ಲಿ ಒಂದು ಹೊಸ ಕಾಲಂ ತೆರೆದು, ಪ್ರತಿ ಅಂಕಿಯ ಜಾಗದಲ್ಲೂ 9 ಹಾಕಿಸುತ್ತಿದ್ದರು. ಚುಕ್ಕೆ, ಕಾಮಾ, ಖಾಲಿ ಜಾಗ, ಮೈನಸ್ ಇದ್ದಲ್ಲೇ ಇರುತ್ತವೆ. 1.234,50 ಎಂಬುದು 9.999,99 ಆಗುತ್ತದೆ. 7.810,25 ಕೂಡ 9.999,99 ಆಗುತ್ತದೆ. 1,23,456.50 ಎಂಬುದು 9,99,999.99 ಆಗುತ್ತದೆ. ಬೆಲೆ ಮಾಯವಾಗಿ ಆಕಾರ ಮಾತ್ರ ಉಳಿಯುತ್ತದೆ. ಈಗ ಯಾವ ಆಕಾರ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ, ನಲವತ್ತು ಸಾವಿರ ಸಾಲು ಇಪ್ಪತ್ತೋ ಮೂವತ್ತೋ ಆಕಾರಗಳಿಗೆ ಇಳಿದು ಒಂದೇ ಪುಟದಲ್ಲಿ ಕೂರುತ್ತದೆ. ಸಾವಿರಾರು ಸಲ ಬಂದ ಆಕಾರಗಳು ಮೇಲೆ, ಒಂದೋ ಎರಡೋ ಸಲ ಬಂದವು ಕೆಳಗೆ. ಅವರು ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಒಂಟಿಯಾಗಿ ನಿಂತ ಆಕಾರದಲ್ಲೇ ಕಪ್ಪು ಬೀಜ ಇರುತ್ತದೆ: ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಬಿದ್ದಿರುವುದು, ಒಂದರ ಬದಲು ಎಲ್ ಅಕ್ಷರ, ಎರಡು ಚುಕ್ಕೆ ಒಟ್ಟಿಗೆ, ಕೊನೆಯಲ್ಲಿ ‘ಕೆಜಿ’ ಎಂಬ ಬಾಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದು ಒಂದು ಸಾಲಿನ ಕೆಲಸ. ಎಕ್ಸೆಲ್‌ನಲ್ಲಿ ಹತ್ತು ಸಬ್‌ಸ್ಟಿಟ್ಯೂಟ್ ಫಾರ್ಮುಲಾಗಳನ್ನು ಒಂದರೊಳಗೊಂದು ಹೊಸೆದು ಅವರು ಮಾಡಿಟ್ಟಿದ್ದರು. ನೋಡಲು ಉದ್ದ, ಆದರೆ ಇಂದಿಗೂ ಓಡುತ್ತಿದೆ.

ಆಕಾರಗಳ ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಆಕಾರವನ್ನೂ ಸಾಕ್ಷಿಕಟ್ಟೆಗೆ ಕರೆದು ಕೇಳಬೇಕು. ಚುಕ್ಕೆ ಕಾಮಾ ಎರಡೂ ಇದ್ದರೆ ಕೊನೆಯಲ್ಲಿ ಬಂದದ್ದೇ ದಶಮಾಂಶ. ಒಂದೇ ಗುರುತು ಎರಡು ಸಲ ಬಂದಿದ್ದರೆ ಅದು ದಶಮಾಂಶ ಆಗಲಾರದು, ಒಂದು ಸಂಖ್ಯೆಗೆ ಒಂದೇ ದಶಮಾಂಶ. ಗುರುತಿನ ಬಲಗಡೆ ಎರಡು ಅಂಕಿಯೋ ಒಂದೋ ನಾಲ್ಕೋ ಇದ್ದು ಅಲ್ಲಿಗೇ ಮುಗಿದರೆ ಅದು ದಶಮಾಂಶ, ಏಕೆಂದರೆ ನಮಗೆ ಫೈಲ್ ಬರುವ ಯಾವ ದೇಶದ ರೂಢಿಯಲ್ಲೂ ಕೊನೆಯ ಗುಂಪು ಮೂರಂಕಿಯದೇ. ಲಕ್ಷ ಕೋಟಿಗಳನ್ನು ಎರಡೆರಡಾಗಿ ಬಿಡಿಸುವ ನಾವೂ ಕೊನೆಗೆ ಮೂರನ್ನೇ ಇಡುತ್ತೇವೆ. ಸೊನ್ನೆಯಿಂದ ಶುರುವಾಗುವ 0,125 ದಶಮಾಂಶವೇ, ಸೊನ್ನೆ ಸಾವಿರ ಎಂದು ಯಾರೂ ಬರೆಯುವುದಿಲ್ಲ. ಗುರುತಿನ ಎಡಗಡೆ ಬಿಡುವಿಲ್ಲದೆ ನಾಲ್ಕು ಅಂಕಿಗಳಿದ್ದರೆ, 1234,567 ಎಂಬ ಹಾಗೆ, ಅದೂ ದಶಮಾಂಶವೇ.

ಇಷ್ಟು ಸೋಸಿದ ಮೇಲೆ ಒಂದೇ ಒಂದು ಆಕಾರ ಬಾಯಿ ಬಿಡದೆ ಉಳಿಯುತ್ತದೆ. ಎಡಗಡೆ ಒಂದರಿಂದ ಮೂರು ಅಂಕಿ, ಒಂದೇ ಗುರುತು, ಬಲಗಡೆ ಸರಿಯಾಗಿ ಮೂರು ಅಂಕಿ. 1.234. 19.200. 250,000. ಇದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರೊಳಗೆ ಉತ್ತರವಿಲ್ಲ. ದುಡ್ಡಿನ ಕಾಲಂನಲ್ಲಿ ಪೈಸೆ ಎರಡೇ ಸ್ಥಾನ, ಹಾಗಾಗಿ ಅಲ್ಲಿ ಈ ಕಷ್ಟ ಕಡಿಮೆ. ಕಿಲೋಗ್ರಾಮನ್ನು ಗ್ರಾಂವರೆಗೆ, ಟನ್ನನ್ನು ಕಿಲೋವರೆಗೆ, ಲೀಟರನ್ನು ಮಿಲಿಲೀಟರ್‌ವರೆಗೆ ಬರೆಯುವ ತೂಕ ಅಳತೆಯ ಕಾಲಂಗಳಲ್ಲಿ ಮೂರು ಸ್ಥಾನವೇ ರೂಢಿ, ಅಲ್ಲಿ ಪ್ರತಿ ಸಾಲೂ ಹೀಗೇ ಇರಬಹುದು. ನನ್ನ ಆ 19.200 ಇನ್ನೂ ವಿಚಿತ್ರ. ಜರ್ಮನ್ ರೀತಿಯಲ್ಲಿ ಓದಿ ಕಿಲೋ ಎಂದುಕೊಂಡರೆ ಹತ್ತೊಂಬತ್ತು ಸಾವಿರದ ಇನ್ನೂರು ಕಿಲೋ. ನಮ್ಮ ರೀತಿಯಲ್ಲಿ ಓದಿ ಟನ್ ಎಂದುಕೊಂಡರೆ ಹತ್ತೊಂಬತ್ತು ಟನ್ ಇನ್ನೂರು ಕಿಲೋ. ಎರಡೂ ಒಂದೇ ತೂಕ! ತಪ್ಪಿದ್ದು ಯಾವಾಗೆಂದರೆ ಓದನ್ನು ಇಲ್ಲಿಂದ, ಮಾನವನ್ನು ಅಲ್ಲಿಂದ ತೆಗೆದುಕೊಂಡಾಗ.

ಇಂಥ ಕಡೆ ಅಂಕಿಯನ್ನು ಬಿಟ್ಟು ಅದರ ನೆರೆಹೊರೆಯನ್ನು ಕೇಳಬೇಕು. ಇದೇ ಫೈಲ್‌ನ ಬೇರೆ ಕಾಲಂಗಳು ಯಾವ ರೂಢಿಯಲ್ಲಿವೆ? ಬೆಲೆಯ ಕಾಲಂನಲ್ಲಿ 4,85 ಎಂದಿದ್ದರೆ ಫೈಲ್ ಕಾಮಾ ರೂಢಿಯದು, ತೂಕದ ಚುಕ್ಕೆ ಸಾವಿರದ್ದು. ಕಾಲಂಗಳನ್ನು ಬೇರ್ಪಡಿಸಲು ಕಾಮಾ ಬಳಸಿದ್ದಾರೋ ಅರ್ಧವಿರಾಮವೋ? ದಶಮಾಂಶಕ್ಕೆ ಕಾಮಾ ಬಳಸುವ ದೇಶಗಳಲ್ಲಿ ಎಕ್ಸೆಲ್ ಕಾಲಂಗಳ ನಡುವೆ ಸಾಮಾನ್ಯವಾಗಿ ಅರ್ಧವಿರಾಮ ಹಾಕುತ್ತದೆ. ಅದೊಂದು ಒಳ್ಳೆಯ ಸುಳಿವು. ಆಮೇಲೆ ಸರಕನ್ನೇ ಕೇಳಬೇಕು. ಚೀಲ 60 ಕಿಲೋ. ತೇವಾಂಶ 108 ಆಗಲಾರದು, ಅದು ಶೇಕಡಾ ನೂರನ್ನು ದಾಟದು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ ಇಷ್ಟು ಸೆಂಟ್, ಲಂಡನ್‌ನಲ್ಲಿ ರೊಬಸ್ಟಾ ಬೆಲೆ ಟನ್ನಿಗೆ ಇಷ್ಟು ಡಾಲರ್. ಎರಡನ್ನೂ ಒಂದೇ ಕಾಲಂನಲ್ಲಿ ಕಂಡರೆ ಯಾವುದು ಯಾವ ಅಳತೆಯಲ್ಲಿದೆ ಎಂದು ಕಾಫಿ ಬಲ್ಲವರಿಗೆ ಮಾತ್ರ ಹೊಳೆಯುತ್ತದೆ. ಕಂಪ್ಯೂಟರ್ ಚೆನ್ನಾಗಿ ಬಲ್ಲ, ಸರಕು ಅರಿಯದ ಹುಡುಗರನ್ನು ಈ ಕೆಲಸಕ್ಕೆ ಕೂರಿಸುವಾಗ ನಾವು ಮೊದಲು ಅವರನ್ನು ಒಂದು ವಾರ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸುತ್ತೇವೆ. ಅದು ಹಿರಿಯರು ಹಾಕಿಕೊಟ್ಟ ಪದ್ಧತಿ. ಯಾವ ಸಾಫ್ಟ್‌ವೇರ್ ತರಬೇತಿಗಿಂತಲೂ ಅದು ಹೆಚ್ಚು ಫಲ ಕೊಟ್ಟಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನೆರೆಹೊರೆಯೂ ಹೇಳದಿದ್ದರೆ? ಕಳಿಸಿದವರನ್ನು ಕೇಳಬೇಕು. ಉತ್ತರ ಬರುವವರೆಗೆ ಆ ಸಾಲನ್ನು ಪಕ್ಕಕ್ಕಿಟ್ಟು ಷರಾ ಬರೆಯಬೇಕು. ಊಹೆ ಮಾಡಿ ತುಂಬುವಂತಿಲ್ಲ. ಒಂದು ವರದಿ ಎರಡು ದಿನ ತಡವಾದರೂ ಚಿಂತೆಯಿಲ್ಲ ಎಂದು ಹಿರಿಯರು ಮೇಲಿನವರ ಎದುರು ಗಟ್ಟಿಯಾಗಿ ಹೇಳಿದ್ದನ್ನು ನಾನು ಹಲವು ಸಲ ಕೇಳಿದ್ದೇನೆ.

ಪರಿವರ್ತನೆಯ ಉಪಕರಣಗಳು ಈಗ ಬೇಕಾದಷ್ಟಿವೆ. ಎಕ್ಸೆಲ್‌ನ ನಂಬರ್‌ವ್ಯಾಲ್ಯೂ ಫಾರ್ಮುಲಾ 2013ರ ಆವೃತ್ತಿಯಿಂದ ಇದೆ. ದಶಮಾಂಶದ ಗುರುತು ಯಾವುದು, ಗುಂಪಿನ ಗುರುತು ಯಾವುದು ಎಂದು ನಾವೇ ಹೇಳಿಕೊಡಬಹುದು. ಟೆಕ್ಸ್ಟ್ ಟು ಕಾಲಮ್ಸ್‌ನ ಕೊನೆಯ ಪುಟದಲ್ಲಿ ಅಡ್ವಾನ್ಸ್ಡ್ ಎಂಬ ಗುಂಡಿ ಒತ್ತಿದರೆ ಇದೇ ಎರಡು ಪ್ರಶ್ನೆಗಳ ಜೊತೆ, ಹಿಂದೆ ಬರುವ ಮೈನಸ್ಸನ್ನು ಋಣವೆಂದು ಓದಲೇ ಎಂದೂ ಕೇಳುತ್ತದೆ. ಪವರ್ ಕ್ವೆರಿಯಲ್ಲಿ ಕಾಲಂನ ಬಗೆ ಬದಲಿಸುವಾಗ ‘ಯೂಸಿಂಗ್ ಲೊಕೇಲ್’ ಆರಿಸಿ ಜರ್ಮನ್ ಎಂದರೆ ಸಾಕು. ಪೈಥಾನ್‌ನ ಪಾಂಡಾಸ್‌ನಲ್ಲೂ ಫೈಲ್ ಓದುವಾಗಲೇ ಹೇಳಿಬಿಡಬಹುದು. ಉಪಕರಣದ ಕೊರತೆಯಿಲ್ಲ. ಅದಕ್ಕೆ ಸರಿಯಾದ ಉತ್ತರ ಹೇಳುವವರು ಬೇಕು, ಹೇಳದಿದ್ದರೆ ಅದು ಸದ್ದಿಲ್ಲದೆ ತಪ್ಪು ಮಾಡುತ್ತದೆ. ಪಠ್ಯವನ್ನು ಸಂಖ್ಯೆ ಮಾಡುವ ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್‌ಗೆ 1,234.50 ಕೊಟ್ಟರೆ ಅದು ಕಾಮಾ ಕಂಡಲ್ಲೇ ನಿಂತು 1 ಎನ್ನುತ್ತದೆ. ಡಾಟ್‌ನೆಟ್‌ನ ಡಬಲ್ ಪಾರ್ಸ್‌ಗೆ ಇಂಗ್ಲಿಷ್ ಸೆಟ್ಟಿಂಗ್‌ನಲ್ಲಿ 1,5 ಕೊಟ್ಟರೆ ಕಾಮಾವನ್ನು ನುಂಗಿ 15 ಎನ್ನುತ್ತದೆ. ಪೈಥಾನ್ ಮಾತ್ರ ಇದು ನನಗೆ ಅರ್ಥವಾಗುತ್ತಿಲ್ಲ ಎಂದು ಕೂಗಿ ನಿಲ್ಲುತ್ತದೆ. ಈ ಕೂಗಿ ನಿಲ್ಲುವ ಗುಣ ನನಗೆ ಇಷ್ಟ. ಅದೇ ಪೈಥಾನ್ ಕನ್ನಡ ಅಂಕಿಗಳಲ್ಲಿ ಬರೆದ ೧೨.೫ ಎಂಬುದನ್ನು ಯಾವ ತಕರಾರೂ ಇಲ್ಲದೆ ಹನ್ನೆರಡೂವರೆ ಎಂದು ಓದುತ್ತದೆ ಎಂಬುದನ್ನು ಕಂಡ ದಿನ ನಮ್ಮ ಕಚೇರಿಯಲ್ಲಿ ಎಲ್ಲರೂ ಬಂದು ನೋಡಿದ್ದರು. ಯೂನಿಕೋಡ್‌ನಲ್ಲಿ ನಮ್ಮ ಅಂಕಿಗಳಿಗೆ ಅಂಕಿಯೆಂಬ ಸ್ಥಾನವನ್ನೇ ಕೊಟ್ಟಿದ್ದಾರೆ.

ಫ್ರಾನ್ಸಿನ ಫೈಲ್‌ಗಳ ಖಾಲಿ ಜಾಗದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅಲ್ಲಿ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. 123 456,50 ಎಂಬುದರ ನಡುವಿನ ಖಾಲಿ ಜಾಗವನ್ನು ಹುಡುಕಿ ತೆಗೆಯಲು ಹೋದರೆ, ಅಂಥದ್ದೇನೂ ಇಲ್ಲ ಎಂದು ಎಕ್ಸೆಲ್ ಹೇಳುತ್ತಿತ್ತು. ಕಣ್ಣಿಗೆ ಕಾಣುತ್ತಿದೆ, ಆದರೆ ಇಲ್ಲ! ಅದು ಸ್ಪೇಸ್ ಕೀ ಒತ್ತಿದಾಗ ಬೀಳುವ ಜಾಗವಲ್ಲ. ಸಂಖ್ಯೆ ಸಾಲಿನ ಅಂಚಿನಲ್ಲಿ ತುಂಡಾಗದಿರಲೆಂದು ಹಾಕುವ ಬೇರೆಯೇ ಅಕ್ಷರ, ಕ್ರಮಸಂಖ್ಯೆ 160. ಮಾಮೂಲಿ ಸ್ಪೇಸ್‌ನ ಕ್ರಮಸಂಖ್ಯೆ 32. ಟ್ರಿಮ್ ಫಾರ್ಮುಲಾ 32ನ್ನು ಮಾತ್ರ ಬಲ್ಲದು. ಹಿರಿಯರು ಬಂದು, ಸೆಲ್‌ನೊಳಗೆ ಹೋಗಿ, ಆ ಖಾಲಿ ಜಾಗವನ್ನೇ ಮೌಸ್‌ನಿಂದ ಹಿಡಿದು ನಕಲು ಮಾಡಿ ಹುಡುಕುವ ಡಬ್ಬಿಯೊಳಗೆ ಅಂಟಿಸಿದರು. ಹನ್ನೊಂದು ಸಾವಿರ ಕಡೆ ಸಿಕ್ಕಿತು.

ಅಂಕಿ ಇನ್ನೂ ಪಠ್ಯವಾಗಿಯೇ ಉಳಿದಿದೆಯೇ ಎಂದು ತಿಳಿಯಲು ಅವರು ಫಾರ್ಮುಲಾ ಬಳಸುತ್ತಿರಲಿಲ್ಲ. ಕಾಲಂನ ಅಗಲ ಹೆಚ್ಚಿಸುತ್ತಿದ್ದರು. ನಾವು ಬೇರೆ ಹೇಳದಿದ್ದರೆ ಎಕ್ಸೆಲ್ ಸಂಖ್ಯೆಯನ್ನು ಬಲಕ್ಕೂ ಪಠ್ಯವನ್ನು ಎಡಕ್ಕೂ ನಿಲ್ಲಿಸುತ್ತದೆ. ಅಗಲವಾದ ಕಾಲಂನಲ್ಲಿ ಎಡಗೋಡೆಗೆ ಅಂಟಿದ ಸಾಲುಗಳು ಎದ್ದು ಕಾಣುತ್ತವೆ. ಸಮ್ ಫಾರ್ಮುಲಾ ಅಂಥ ಸಾಲುಗಳನ್ನು ಕೂಡುವುದೇ ಇಲ್ಲ, ಬಿಟ್ಟು ಮುಂದೆ ಹೋಗುತ್ತದೆ, ಒಂದು ಮಾತೂ ಹೇಳದೆ. ಮೊತ್ತ ಕಡಿಮೆ ಬಂದರೆ ಕಳ್ಳತನ ಹುಡುಕುವ ಮುನ್ನ ಎಡಗೋಡೆ ನೋಡಿ ಎನ್ನುತ್ತಿದ್ದರು.

ಪರಿವರ್ತನೆ ಮುಗಿದರೂ ಅಂಕಿಯ ಸಂಕಟ ತೀರುವುದಿಲ್ಲ. ಕಂಪ್ಯೂಟರ್ ಸೊನ್ನೆ, ಒಂದು ಎಂಬ ಎರಡೇ ಅಂಕಿಗಳ ಪದ್ಧತಿಯಲ್ಲಿ ಲೆಕ್ಕ ಮಾಡುತ್ತದೆ. ಹತ್ತನೇ ಒಂದು ಭಾಗ ಅದಕ್ಕೆ ಎಂದೂ ಮುಗಿಯದ ಸಂಖ್ಯೆ, ನಮಗೆ ಮೂರನೇ ಒಂದು ಭಾಗ ಇದ್ದ ಹಾಗೆ. ಅದಕ್ಕೇ 0.1ಕ್ಕೆ 0.2 ಕೂಡಿಸಿದರೆ ಬಹಳಷ್ಟು ಭಾಷೆಗಳು 0.30000000000000004 ಎನ್ನುತ್ತವೆ. ದುಡ್ಡಿನ ಲೆಕ್ಕಕ್ಕೆ ಡೆಸಿಮಲ್ ಎಂಬ ಬೇರೆ ಬಗೆಯ ಸಂಖ್ಯೆಯನ್ನು ಬಳಸುವುದು ಇದಕ್ಕಾಗಿ. ಇನ್ನು ಉಳಿದ ಸ್ಥಾನಗಳನ್ನು ಕತ್ತರಿಸಬೇಕೋ, ಹತ್ತಿರದ ಅಂಕಿಗೆ ಸರಿಪಡಿಸಬೇಕೋ ಎಂಬ ಪ್ರಶ್ನೆ. ವ್ಯಾಂಕೂವರ್ ಷೇರು ವಿನಿಮಯ ಕೇಂದ್ರ 1982ರ ಜನವರಿಯಲ್ಲಿ 1000ದಿಂದ ಒಂದು ಸೂಚ್ಯಂಕ ಶುರು ಮಾಡಿತು. ಪ್ರತಿ ವಹಿವಾಟಿನ ನಂತರ ಸೂಚ್ಯಂಕವನ್ನು ಮೂರು ದಶಮಾಂಶಕ್ಕೆ ಇಳಿಸುವಾಗ ಮೂರನೆಯ ಅಂಕಿಯಿಂದಾಚೆ ಇದ್ದದ್ದನ್ನು ಸರಿಪಡಿಸದೆ ಕತ್ತರಿಸುತ್ತಿದ್ದರು. ದಿನಕ್ಕೆ ಸಾವಿರಾರು ಸಲ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಕುಸಿದಿತ್ತು. ಲೆಕ್ಕ ತಿದ್ದಿದಾಗ ಅದು 1098.892 ಎಂದಾಯಿತು. ಅರ್ಧಕ್ಕಿಂತ ಹೆಚ್ಚು ಬೆಲೆ ಕತ್ತರಿಯ ಬಾಯಲ್ಲಿ ಚೂರುಚೂರಾಗಿ ಹೋಗಿತ್ತು. ನಮ್ಮಲ್ಲಿ ನಿಯಮ ಸರಳ: ಒಳಗೆ ಬಂದಷ್ಟೂ ಸ್ಥಾನಗಳನ್ನು ಇಟ್ಟುಕೊಳ್ಳುವುದು, ವರದಿಯ ಮುಖದ ಮೇಲೆ ಮಾತ್ರ ಎರಡಕ್ಕೆ ಇಳಿಸಿ ತೋರಿಸುವುದು.

ಹಿರಿಯರು ಒಂದು ದಿನ ತಮ್ಮ ಮನೆಯಿಂದ ಹಳೆಯ ತೋಟದ ಕಿರ್ದಿ ಪುಸ್ತಕವೊಂದನ್ನು ತಂದಿದ್ದರು. ಅದರಲ್ಲಿ ಕೂಲಿಯ ಲೆಕ್ಕ 5–8–6 ಎಂಬಂತೆ ಬರೆದಿತ್ತು: 5 ರೂಪಾಯಿ 8 ಆಣೆ 6 ಪೈ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ದಶಮಾಂಶಕ್ಕೆ ತಂದರೆ 5.53125. ದೇಶಕ್ಕೆ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಆ ವರ್ಷದ ಪುಟಗಳಲ್ಲಿ ಎರಡು ಪದ್ಧತಿಗಳೂ ಅಕ್ಕಪಕ್ಕ ಕೂತಿದ್ದವು. ಆದರೆ ಬರೆದವರು ಎಲ್ಲೂ ಗೊಂದಲಕ್ಕೆ ಎಡೆ ಕೊಟ್ಟಿರಲಿಲ್ಲ. ಹಳೆಯ ಲೆಕ್ಕಕ್ಕೆ ಅಡ್ಡಗೆರೆ, ಹೊಸ ಲೆಕ್ಕಕ್ಕೆ ಚುಕ್ಕೆ, ಪುಟದ ತಲೆಯ ಮೇಲೆ ರೂ. ಆ. ಪೈ. ಎಂದೋ ರೂ. ನ.ಪೈ. ಎಂದೋ ಬರಹ, ಪುಟದ ಬುಡದಲ್ಲಿ ಒಟ್ಟು ಮೊತ್ತ, ಮುಂದಿನ ಪುಟದ ಮೇಲೆ ಅದೇ ಮೊತ್ತ ಮತ್ತೆ. ಆ ಪುಟದ ಬುಡದ ಮೊತ್ತವನ್ನು ತೋರಿಸಿ, “ಇದಿದ್ದರೆ ನಮ್ಮ ಅರ್ಧ ಕೆಲಸ ಇಲ್ಲ” ಎಂದರು.

ಎಲ್ಲ ಮಾಡಿದ ಮೇಲೆ ಕೊನೆಗೆ ಉಳಿಯುವುದು ತಾಳೆ. ಬಂದ ಫೈಲ್‌ನಲ್ಲಿ ಎಷ್ಟು ಸಾಲು, ಒಳಗೆ ಹೋದದ್ದು ಎಷ್ಟು, ಪಕ್ಕಕ್ಕಿಟ್ಟದ್ದು ಎಷ್ಟು; ಎರಡೂ ಕೂಡಿದರೆ ಬಂದದ್ದಕ್ಕೆ ಸಮ ಆಗಬೇಕು. ಖಾಲಿ ಸೆಲ್‌ಗಳು ಎಷ್ಟು, ಬರೀ ಅಡ್ಡಗೆರೆ ಇದ್ದವು ಎಷ್ಟು. ಲೆಕ್ಕಿಗರ ಅಡ್ಡಗೆರೆ ಎಂದರೆ ಸೊನ್ನೆ, ಖಾಲಿ ಎಂದರೆ ಇನ್ನೂ ಬಂದಿಲ್ಲ, ಎರಡನ್ನೂ ಸೊನ್ನೆ ಮಾಡಿದರೆ ಸರಾಸರಿ ಕೆಡುತ್ತದೆ. ಆಮೇಲೆ ಒಟ್ಟು ಮೊತ್ತ, ಕಳಿಸಿದವರು ಕಾಗದದಲ್ಲಿ ಮುದ್ರಿಸಿದ ಮೊತ್ತದ ಜೊತೆ ಪೈಸೆಗೆ ಪೈಸೆ ಕೂಡಬೇಕು. ಒಂದು ಪೈಸೆ ವ್ಯತ್ಯಾಸವಿದ್ದರೂ ಹಿರಿಯರು ಏಳುತ್ತಿರಲಿಲ್ಲ. ನಿವೃತ್ತರಾಗುವ ಹಿಂದಿನ ದಿನವೂ ಹ್ಯಾಂಬರ್ಗ್‌ನ ಫೈಲ್‌ಗೆ ತಾಳೆ ಹಾಕಿ, ಷರಾ ಕಾಲಂನಲ್ಲಿ ‘ಸರಿ ಇದೆ’ ಎಂದು ಬರೆದೇ ಹೊರಟರು.

ನೀವು ಹಾಲಿನ ಡೈರಿಯ ಲೆಕ್ಕವನ್ನೋ, ಸೊಸೈಟಿಯ ಸಾಲದ ಪಟ್ಟಿಯನ್ನೋ, ಶಾಲೆಯ ಅಂಕಪಟ್ಟಿಯನ್ನೋ ಯಾರಿಗಾದರೂ ಕಳಿಸುವವರಾಗಿದ್ದರೆ ಎರಡು ಕೆಲಸ ಮಾಡಿ. ಪ್ರತಿ ಕಾಲಂನ ತಲೆಯ ಮೇಲೆ ಅಳತೆಯ ಮಾನ ಬರೆಯಿರಿ. ಸಾಲುಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಫೈಲ್‌ನ ಜೊತೆಗಿನ ಪತ್ರದಲ್ಲಿ ಅಕ್ಷರಗಳಲ್ಲಿ ಬರೆದು ಕಳಿಸಿ: ಹತ್ತೊಂಬತ್ತು ಸಾವಿರದ ಇನ್ನೂರು ಕಿಲೋ ಎಂದು.